ಗಯಾಬಾಯಿಯ ಬಲ ಮೊಣಕೈ

ಬಸವಕಲ್ಯಾಣದಲ್ಲಿ ಗೀಸರ್ ಮಾರುವವನು ಗಿರಾಕಿ ಹುಡುಕಿಕೊಂಡು ಹೋಗಬೇಕಿಲ್ಲ. ಒಮ್ಮೆ ಕೊಂಡವರನ್ನು ನಲ್ಲಿಯ ನೀರೇ ಮತ್ತೆ ಅಂಗಡಿಗೆ ಕಳಿಸಿಕೊಡುತ್ತದೆ. ನೋಡಲು ಆ ನೀರು ಕನ್ನಡಿಯಂತೆ ಸ್ವಚ್ಛ, ಒಣಗಿದರೆ ಸುಣ್ಣ ಬಳಿದ ಗುರುತು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ, ಕೂಲರಿನ ಹುಲ್ಲು ಒಂದೇ ಬೇಸಿಗೆಗೆ ಹಪ್ಪಳದಂತೆ ಬಿರುಸಾಗುತ್ತದೆ. ಆದರೂ ಬೈಗುಳ ನೀರಿಗಲ್ಲ, ಸಾಮಾನು ಮಾರಿದವನಿಗೆ.

ಗಯಾಬಾಯಿ ಮಾತ್ರ ಈ ನೀರನ್ನು ಎಂದೂ ಬೈದವಳಲ್ಲ. ಅದರ ಮೇಲೆಯೇ ಅವಳ ಹೊಟ್ಟೆ ನಡೆದಿತ್ತು. ಘಾಟಬೋರಾಳದಿಂದ ಮದುವೆಯಾಗಿ ಬಂದವಳು, ಗಂಡ ಸತ್ತ ಮೇಲೆ ಬಾಣಂತಿ-ಕೂಸುಗಳಿಗೆ ನೀರು ಎರೆಯುವುದನ್ನೇ ಕಸುಬು ಮಾಡಿಕೊಂಡಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಎರೆದಳೆಂದರೆ ಎಂಥ ಹಟಮಾರಿ ಕೂಸೂ ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಓಣಿಯ ಅರ್ಧ ಹುಡುಗರ ಬೆನ್ನು ನೆಟ್ಟಗಾಗಿದ್ದು ತನ್ನ ಕೈಯಿಂದ ಎನ್ನುತ್ತಿದ್ದಳು. ಉಳಿದರ್ಧ ಹುಡುಗರ ಬೆನ್ನಿನ ಬಗ್ಗೆ ಅವಳನ್ನು ಯಾರೂ ಕೇಳಿರಲಿಲ್ಲ.

ಅವಳದೊಂದು ಕಟ್ಟಳೆ ಇತ್ತು. ಹಿಡಿದಿಟ್ಟ ನೀರು ಕೂಸಿಗೆ ಬೇಡ, ಬಕೆಟ್ಟಿನ ನೀರಿನ ಮೇಲೆ ಹತ್ತು ಜನರ ಕಣ್ಣು ಬಿದ್ದಿರುತ್ತದೆ. ನಲ್ಲಿಯ ಪಕ್ಕದಲ್ಲೇ ಕೂತು, ತಂಬಿಗೆಗೆ ಬಿಸಿನೀರು ಬಿಟ್ಟುಕೊಂಡು, ತಣ್ಣೀರು ಬೆರೆಸಿ, ಮೊಣಕೈ ಮೇಲೆ ಹನಿಸಿ ಹದ ನೋಡಿ ಆಗಲೇ ಸುರಿಯಬೇಕು. ಅದೂ ಬಲ ಮೊಣಕೈ. ಎಡಗೈ ಮುಟ್ಟಿದ ನೀರು ಕೂಸಿನ ನೆತ್ತಿಗೆ ಬೀಳಬಾರದು. ಮನೆಮನೆಯಲ್ಲಿ ತಾಮ್ರದ ಬಂಬ ಇದ್ದ ಕಾಲದಲ್ಲಿ ಈ ಕಟ್ಟಳೆಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಒಳಗೆ ಕಟ್ಟಿಗೆ, ಸುತ್ತ ನೀರು, ಸುಣ್ಣ ಕಟ್ಟಿದರೆ ಹುಣಸೆಹಣ್ಣು ಹಾಕಿ ತಿಕ್ಕಿದರಾಯಿತು.

ಬಟ್ಟೆ ವ್ಯಾಪಾರಿ ಧನರಾಜ ತನ್ನ ಮನೆಯ ಬಂಬವನ್ನು ಗುಜರಿಗೆ ಹಾಕಿ ಗೀಸರ್ ತಂದಿದ್ದ. ಮಗಳು ಕಾಜಲ ಹೆರಿಗೆಗೆ ತವರಿಗೆ ಬರುವ ಹೊತ್ತಿಗೆ ಆ ಗೀಸರಿಗೆ ವಯಸ್ಸಾಗಿತ್ತು. ನೀರು ಕಾಯುವಾಗ ಹೊಟ್ಟೆನೋವು ಬಂದವರಂತೆ ಗುರುಗುಟ್ಟುತ್ತಿತ್ತು, ನಲ್ಲಿಯಿಂದ ನೂಲಿನಷ್ಟೇ ನೀರು ಬರುತ್ತಿತ್ತು. ಕೂಸು ಹುಟ್ಟಿ, ಗಯಾಬಾಯಿ ಎರೆಯಲು ಬರತೊಡಗಿದ್ದಳು. ರಿಪೇರಿಯ ಇಸ್ಮಾಯಿಲ ಬಂದು ಬಿಚ್ಚಿ ನೋಡಿ, ಒಳಗಿನ ಕಾಯಿಲ್‌ಗೆ ರೊಟ್ಟಿಯಷ್ಟು ದಪ್ಪ ಸುಣ್ಣದ ಹಕ್ಕಳೆ ಕಟ್ಟಿದೆ, ಪೈಪಿನಲ್ಲೂ ಅದರದೇ ಬೆಣೆ ಕೂತಿದೆ, ಬಿಚ್ಚಿ ಒಯ್ಯುತ್ತೇನೆ ಎಂದ. ಧನರಾಜ ಒಪ್ಪಲಿಲ್ಲ. ಬಾಣಂತಿ ಮನೆಯಲ್ಲಿ ಬಿಸಿನೀರು ನಿಲ್ಲುವುದುಂಟೇ?

"ಗುರ್ ಅನ್ನಾಕತ್ತದಂದ್ರ ಇನ್ನೂ ಜೀವ ಅದ ಅಂತ ಅರ್ಥ. ತೊಟ್ಟಿಲದಾಗ ಹಾಕೋದು ಮುಗೀಲಿ, ಆಮ್ಯಾಲ ಒಯ್ಯಿ," ಎಂದ.

ಇಸ್ಮಾಯಿಲ ಹೋಗುವಾಗ ಗಯಾಬಾಯಿಗೂ ಒಂದು ಮಾತು ಹೇಳಿಹೋದ: ನಲ್ಲಿಯಿಂದ ದೂರ ಕೂತು, ಬಕೆಟ್ಟಿಗೆ ಹಿಡಿದಿಟ್ಟು ಎರೆಯಿರಿ. ಗಯಾಬಾಯಿ ನಕ್ಕಳು. ಕೂಸಿಗೆ ಎರೆಯುವುದನ್ನು ಈಗ ಗಂಡಸರಿಂದ ಕಲಿಯಬೇಕಾಯಿತಲ್ಲ ಎಂದು ಧನರಾಜನ ಹೆಂಡತಿ ಜಗದೇವಿಯ ಮುಂದೆ ಹೇಳಿ ಅವಳನ್ನೂ ನಗಿಸಿದಳು.

ಮರುದಿನ ಎಂದಿನಂತೆ ನಲ್ಲಿಯ ಪಕ್ಕದಲ್ಲೇ ಕೂತಳು. ಕೂಸು ಕಾಲಮೇಲೆ, ಎಣ್ಣೆ ತಿಕ್ಕಿಯಾಗಿತ್ತು. ನೂಲಿನಂತೆ ಬರುತ್ತಿದ್ದ ನೀರು ಪೂರ್ತಿ ನಿಂತಿತು. ಗಯಾಬಾಯಿ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು. ಪೈಪಿನೊಳಗೆ ಏನೋ ಟಕ್ ಎಂದಿತು. ಬಿಳಿ ಚೂರುಗಳ ಸಮೇತ ಕುದಿನೀರು ಒಮ್ಮೆಲೇ ನುಗ್ಗಿತು. ಅವಳು ಕೂಸಿನ ಮೇಲೆ ಬಾಗಿ ಬಲಗೈ ಅಡ್ಡ ಹಿಡಿದಳು. ಜಗದೇವಿ ಓಡಿಬಂದು ಕೂಸನ್ನು ಎತ್ತಿಕೊಳ್ಳುವವರೆಗೂ ಆ ಕೈ ಸರಿಸಲಿಲ್ಲ.

ಕೂಸಿನ ಅಂಗಾಲಿಗೆ ಒಂದು ಕೆಂಪು ಚುಕ್ಕೆ, ಅಷ್ಟೇ. ಗಯಾಬಾಯಿಯ ಕೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಲಿದುಹೋಗಿತ್ತು.

ಮೊದಮೊದಲು ಓಣಿಯಲ್ಲಿ ಅವಳು ಕೂಸನ್ನು ಉಳಿಸಿದ ಮಾತೇ ಮಾತು. ಗಾಯ ಮಾಯುವ ಹೊತ್ತಿಗೆ ಮಾತು ಬೇರೆಯಾಗಿತ್ತು. ನಲ್ಲಿ ತಿರುಗಿಸಿದವರು ಯಾರು? ದೂರ ಕೂಡು ಅಂದಾಗ ನಕ್ಕವರು ಯಾರು? ಜಗದೇವಿ ಒಂದು ಸೀರೆ ಕಳಿಸಿದಳು, ತಾನು ಬರಲಿಲ್ಲ. ಕೂಸಿಗೆ ಎರೆಯಲು ಬೇರೆ ಹೆಂಗಸು ಬಂದಳು. ಹೊಸ ಗೀಸರೂ ಬಂತು, ಅದೇ ನೀರಿಗೆ.

ಗಯಾಬಾಯಿಯನ್ನು ಯಾರೂ ಕರೆಯಲಿಲ್ಲ. ಅವಳ ಕೈ ಮಡಚುತ್ತಿತ್ತು, ಬಿಚ್ಚುತ್ತಿತ್ತು. ಆದರೆ ಮೇಲಿನ ಚರ್ಮ ಹುರಿದ ಬದನೆಕಾಯಿಯ ಸಿಪ್ಪೆಯಂತೆ ಬಿಗಿದು, ಅಲ್ಲಿ ಬಿಸಿ ತಂಪಿನ ಅರಿವೇ ಇರಲಿಲ್ಲ. ಇದು ಅವಳೊಬ್ಬಳಿಗೇ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಹುಮನಾಬಾದಿಗೆ ಕೊಟ್ಟ ಮಗಳು ಮೇಘಾ ಎರಡನೆಯ ಕೂಸನ್ನು ಗಂಡನ ಮನೆಯಲ್ಲೇ ಹೆತ್ತಾಗ, ಮೊಮ್ಮಗಳಿಗೆ ತಾನೇ ಎರೆಯುತ್ತೇನೆಂದು ಬಸ್ಸು ಹತ್ತಿದಳು. ಮಗಳ ಮನೆಯಲ್ಲಿ ಈ ಕೈ ನಡೆದರೆ ಬಸವಕಲ್ಯಾಣದಲ್ಲೂ ಮತ್ತೆ ಕರೆದಾರು ಎಂಬ ಆಸೆ.

ಹುಮನಾಬಾದಿನ ನೀರೂ ಬಸವಕಲ್ಯಾಣದ ನೀರಿನ ಸಂಬಂಧಿಯೇ. ಮೇಘಾಳ ಬಚ್ಚಲಲ್ಲಿ ಬಕೆಟ್ಟಿನೊಳಗೆ ರಾಡ್ ಇಳಿಬಿಟ್ಟು ನೀರು ಕಾಯಿಸಿದ್ದರು. ಸ್ವಿಚ್ ತೆಗೆದು ಎತ್ತಿಟ್ಟ ರಾಡಿನ ಮೇಲೆ ಸುಣ್ಣದ ಹಕ್ಕಳೆ ಹಳೆಯ ಎಲುಬಿನಂತೆ ಕಾಣುತ್ತಿತ್ತು. ಹಿಡಿದಿಟ್ಟ ನೀರು. ಗಯಾಬಾಯಿ ಕಟ್ಟಳೆಯ ಮಾತು ಎತ್ತಲಿಲ್ಲ. ಸೆರಗು ಸಿಕ್ಕಿಸಿ, ಬಲ ಮೊಣಕೈಯನ್ನು ಬಕೆಟ್ಟಿನಲ್ಲಿ ಅದ್ದಿದಳು. ಏನೂ ತಿಳಿಯಲಿಲ್ಲ. ಎಡಗೈ ಪಕ್ಕದಲ್ಲೇ ಇತ್ತು. ಬೀಗತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹದ ಅದ. ಕೂಸಿನ್ನ ಕೊಡ್ರಿ," ಎಂದಳು ಗಯಾಬಾಯಿ.

ಬಾಣಂತಿ ಮೇಘಾ ಗೋಡೆ ಹಿಡಿದುಕೊಂಡು ಬಂದು ನೀರಿಗೆ ಬೆರಳು ಹಾಕಿದಳು. ಹಾಕಿದ ಬೆರಳು ಥಟ್ಟನೆ ಬಾಯಿಗೆ ಹೋಯಿತು. ಅವ್ವನ ಕೈಯನ್ನು ನೋಡಿದಳು, ಅತ್ತೆಯ ಮುಖವನ್ನೂ ನೋಡಿದಳು. ಬೀಗತಿ ಸೆರಗು ಸಿಕ್ಕಿಸಿಕೊಂಡಳು.

"ಅವ್ವ, ನೀ ದಣದು ಬಂದೀದಿ," ಎಂದಳು ಮೇಘಾ, ಮೆಲ್ಲಗೆ. "ಅತ್ತಿ ಎರೀತಾರ. ನೀ ಹೊರಗ ಕೂಡು. ಬೇಕಾದ್ರ ಆ ರಾಡ್ ಕೆರದು ಇಡು, ಭಾಳ ಹಕ್ಕಳಿ ಕಟ್ಯಾದ."

ಗಯಾಬಾಯಿ ಅಂಗಳದಲ್ಲಿ ಕೂತಳು. ತಣ್ಣಗಾದ ರಾಡನ್ನು ತೊಡೆಯ ಮೇಲಿಟ್ಟುಕೊಂಡು ಚಾಕುವಿನ ಬೆನ್ನಿನಿಂದ ಕೆರೆಯತೊಡಗಿದಳು. ಬಿಳಿ ಚೂರುಗಳು ಜಗದೇವಿ ಕಳಿಸಿದ ಸೀರೆಯ ಮೇಲೆ ಉದುರಿದವು. ಒಳಗೆ ತಣ್ಣೀರು ಬೆರೆಸಿದ ಸದ್ದು, ಆಮೇಲೆ ಕೂಸಿನ ಅಳು.

ಅವಳ ಕೈ ನಿಂತಿತು. ನೀರು ಸುಟ್ಟರೆ ಕೂಸು ಉಸಿರು ಹಿಡಿದು ಕಿರುಚುತ್ತದೆ, ತಣ್ಣಗಿದ್ದರೆ ನಡುಗಿ ಅಳುತ್ತದೆ. ಇದು ಎರಡೂ ಅಲ್ಲ. ಹದವಾದ ನೀರು ಬಿದ್ದ ಕೂಸಿನ ಅಳು, ಸ್ವಲ್ಪ ಹೊತ್ತಿಗೆ ಅದೂ ನಿಂತು ನಿದ್ದೆಗಣ್ಣಿನ ಕುಂಯ್‌ಗುಡುವಿಕೆಯಾಯಿತು. ಬೀಗತಿ ಚೆನ್ನಾಗಿಯೇ ಎರೆಯುತ್ತಿದ್ದಳು.

ಗಯಾಬಾಯಿ ಸೀರೆ ಕೊಡವಿಕೊಂಡು, ರಾಡನ್ನು ತಿರುವಿ ಇನ್ನೊಂದು ಮಗ್ಗುಲು ಕೆರೆಯಹತ್ತಿದಳು.