ಶನಿಯಾರನನ್ನು ಚಂದ್ರನಿಗೆ ಕಳಿಸಿದ ಮಾಸ್ತರರು

ಹೊನ್ನಾವರದ ನಮ್ಮ ಹೈಸ್ಕೂಲಿನಿಂದ ನಿವೃತ್ತರಾದ ಮಹಾಗಣಪತಿ ಭಟ್ಟರಿಗೆ ಎರಡು ಹುಚ್ಚು. ಒಂದು ಜ್ಯೋತಿಷ, ಅದು ಅಪ್ಪನಿಂದ ಬಂದದ್ದು. ಇನ್ನೊಂದು ಮನಶ್ಶಾಸ್ತ್ರ, ಅದು ಬಿ.ಎಡ್. ಓದುವಾಗ ಅಂಟಿಕೊಂಡದ್ದು. ಎರಡನ್ನೂ ಕಲಸಿ ಊರಿಗೆ ಬಡಿಸುವುದೇ ನಿವೃತ್ತಿಯ ನಂತರದ ಉದ್ಯೋಗ. ಮದುವೆಗೆ ಜಾತಕ ಹೊಂದಿಸಲು ಬಂದವರು ಹುಡುಗನ ಸ್ವಭಾವದ ಮೇಲೆ ಒಂದು ಪೂರ್ತಿ ಪಾಠ ಕೇಳಿಯೇ ಎದ್ದು ಹೋಗಬೇಕು. ಆದರೆ ಇದ್ದದ್ದನ್ನು ಹೇಳಬೇಕು: ಹುಟ್ಟಿದ ಸಮಯ ಸರಿಯಾಗಿ ಗೊತ್ತಿಲ್ಲದ ಜಾತಕವನ್ನು ಅವರು ಮುಟ್ಟುತ್ತಿರಲಿಲ್ಲ. ಅಂದಾಜಿನ ಮೇಲೆ ಫಲ ಹೇಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಚಂದ್ರನ ಮೇಲೆ ನಮ್ಮವರ ನೌಕೆ ಇಳಿದ ಮೇಲೆ ಮಾಸ್ತರರ ತಲೆಗೂ ಚಂದ್ರ ಏರಿದ. ನಾಳೆ ಜನ ಅಲ್ಲಿ ಹೋಗಿ ಮನೆ ಕಟ್ಟಿಕೊಂಡರೆ ಅಲ್ಲಿ ಹುಟ್ಟುವ ಮಗುವಿನ ಜಾತಕ ಬರೆಯುವುದು ಹೇಗೆ? ಚಂದ್ರನೆಂದರೆ ಮನಸ್ಸು. ಅವನ ಬೆನ್ನ ಮೇಲೆಯೇ ಹುಟ್ಟಿದವನ ಕುಂಡಲಿಯಲ್ಲಿ ಅವನನ್ನು ಯಾವ ಮನೆಯಲ್ಲಿ ಕೂರಿಸುವುದು? ಆಗ ಈ ನಮ್ಮ ಭೂಮಿಯನ್ನೇ ಒಂದು ಗ್ರಹವೆಂದು ಎಣಿಸಬೇಕಲ್ಲ, ಅದು ಶುಭವೋ ಪಾಪವೋ? ಸಂಜೆ ಬಂದರಿನ ಕಡೆ ತಿರುಗಾಡಲು ಹೋದಾಗ ನನ್ನನ್ನು ನಿಲ್ಲಿಸಿ ಇದನ್ನೆಲ್ಲ ಕೇಳುತ್ತಿದ್ದರು. ನನಗೆ ಜ್ಯೋತಿಷದಲ್ಲಿ ನಂಬಿಕೆಯಿಲ್ಲ. ಆದರೂ ಪ್ರಶ್ನೆ ಚೆನ್ನಾಗಿದೆ ಅನಿಸುತ್ತಿತ್ತು.

ಕಳೆದ ಆಗಸ್ಟಿನಲ್ಲಿ ಶಾಲೆಯವರು ಬಾಹ್ಯಾಕಾಶ ದಿನ ಮಾಡಿ ಮಾಸ್ತರರನ್ನೇ ಭಾಷಣಕ್ಕೆ ಕರೆದರು. ಶುರುವಿಗೆ ಚೆನ್ನಾಗಿಯೇ ಮಾತಾಡಿದರು. ರಾಕೆಟ್ ಕಟ್ಟುವುದು ದೊಡ್ಡದಲ್ಲ, ಒಳಗೆ ಕೂರುವ ಮನಸ್ಸನ್ನು ಕಟ್ಟುವುದು ದೊಡ್ಡದು ಎಂದರು. ಗಾಳಿಯಾಡದ ಡಬ್ಬಿಯಂಥ ಮನೆಯಲ್ಲಿ ಅವೇ ನಾಲ್ಕು ಮುಖ ನೋಡುತ್ತ ಇದ್ದರೆ ಮೊದಲು ಚಮಚಕ್ಕೆ ಜಗಳ, ಆಮೇಲೆ ಮಾತೇ ಇಲ್ಲ. ಜಾತಕದ ನಾಲ್ಕನೇ ಮನೆ ತಾಯಿಯದು, ಊರಿನದು, ನೆಮ್ಮದಿಯದು. ಅಲ್ಲಿ ಶನಿ ಕೂತವನಿಗೆ ಊರು ಎಳೆಯುವುದಿಲ್ಲ, ಮೊದಲು ಅಂಥವರನ್ನು ಆರಿಸಿ ಕಳಿಸಬೇಕು ಎಂದರು. ಅಷ್ಟು ಹೊತ್ತಿಗೆ ಮಕ್ಕಳು ಆಕಳಿಸತೊಡಗಿದ್ದರು. ಸಭೆ ಕೈಬಿಡುತ್ತಿದೆ ಎಂದು ಮಾಸ್ತರರಿಗೆ ಗೊತ್ತಾಯಿತು. ಅದೇ ಹೊತ್ತಿಗೆ ಶಾಲೆಯ ಜವಾನ ಶನಿಯಾರ ಅತಿಥಿಗಳಿಗೆ ಚಹ ಹಿಡಿದು ವೇದಿಕೆ ಹತ್ತಿದ.

ಶನಿಯಾರ ಹಾಲಕ್ಕಿ ಜನಾಂಗದವನು. ಅವರಲ್ಲಿ ಹುಟ್ಟಿದ ವಾರವನ್ನೇ ಹೆಸರಾಗಿ ಇಡುವ ರೂಢಿ. ಶುಕ್ರವಾರದವನು ಶುಕ್ರ, ಶನಿವಾರದವನು ಶನಿಯಾರ. ಮಾಸ್ತರರು ಅವನ ಭುಜ ಹಿಡಿದು ಮೈಕಿನ ಮುಂದೆ ನಿಲ್ಲಿಸಿದರು.

"ನೋಡಿ ಮಕ್ಕಳೇ, ಇವನ ಹೆಸರೇ ಇವನ ಜಾತಕ. ಶನಿಯ ಮಗ. ನಲವತ್ತು ದಾಟಿದರೂ ಒಂಟಿ. ಇವನನ್ನು ಚಂದ್ರನ ಮೇಲೆ ಬಿಟ್ಟು ಬಂದರೆ ಇವನಿಗೆ ಯಾರ ನೆನಪೂ ಆಗುವುದಿಲ್ಲ, ಇವನ ನೆನಪು ಯಾರಿಗೂ ಆಗುವುದಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಶನಿಯಾರನೂ ಹಲ್ಲು ಬಿಟ್ಟ, ಚಹ ಕೊಟ್ಟು ಇಳಿದು ಹೋದ. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಶನಿವಾರ ಹುಟ್ಟಿದ ಮಾತ್ರಕ್ಕೆ ಶನಿ ನಾಲ್ಕನೇ ಮನೆಯಲ್ಲಿ ಬಂದು ಕೂರುವುದಿಲ್ಲ, ಅದಕ್ಕೆ ಹುಟ್ಟಿದ ಗಳಿಗೆ ಬೇಕು. ಶನಿಯಾರನ ಗಳಿಗೆ ಅವನ ತಾಯಿಗೂ ನೆನಪಿರಲಿಲ್ಲ. ಇದು ಮಾಸ್ತರರಿಗೆ ಗೊತ್ತಿಲ್ಲದ ವಿಷಯವಲ್ಲ.

ಹದಿನೈದು ದಿನ ಕಳೆದಿರಬಹುದು, ಪೇಟೆಯಲ್ಲಿ ಬಸಳೆ, ಹರಿವೆ ಮಾರುವ ನಾಗು ಮಾಸ್ತರರ ಮನೆಗೆ ಬಂದಳು. ನಾನೂ ಅಲ್ಲಿಯೇ ಇದ್ದೆ. ನಾಗು ಗಂಡನನ್ನು ಕಳೆದುಕೊಂಡವಳು. ಅವಳಿಗೂ ಶನಿಯಾರನಿಗೂ ಮದುವೆಯೆಂದು ಹಿರಿಯರು ಕೂತು ಮಾತಾಡಿ ಮುಗಿಸಿದ್ದರು. ಅದು ನಮಗೆ ಗೊತ್ತಾದದ್ದೇ ಆಗ. ಅವಳು ಜಗಲಿಯ ಮೆಟ್ಟಿಲಲ್ಲಿ ನಿಂತೇ ಕೇಳಿದಳು.

"ಒಡ್ಯಾ, ನೀವು ಮೈಕಿನಾಗೆ ಅವಂಗೆ ಎಂತ ಹೇಳಿರಿ? ನಂದು ಶನಿ ಗ್ರಾ, ಒಂಟಿ ಗ್ರಾ, ನಿನ್ನ ಮನಿಗೆ ಬಂದ್ರೆ ನಿಂಗೂ ಕೇಡು, ನಾ ಬರೂದಿಲ್ಲ ಅಂತ ಕೂತಾನೆ."

ಮಾಸ್ತರರ ಮುಖ ಕಪ್ಪಿಟ್ಟಿತು. ಆದರೂ ಅವರಿಗೆ ಮೊದಲು ಹೊಳೆದದ್ದು ಮರ್ಯಾದೆ ಉಳಿಸಿಕೊಳ್ಳುವ ದಾರಿಯೇ. ನಾಲ್ಕು ಶನಿವಾರ ಎಳ್ಳೆಣ್ಣೆ ದೀಪ ಹಚ್ಚಲಿ, ದೋಷ ಹೋಗುತ್ತದೆ, ಮದುವೆಗೆ ಅಡ್ಡಿಯಿಲ್ಲ ಎಂದರು. ನಾಗು ಅವರನ್ನೇ ನೋಡುತ್ತ ನಿಂತಳು.

"ದೀಪ ಹಚ್ಚೂಕೆ ಅಡ್ಡಿಲ್ಲ. ದೋಷ ಇತ್ತಾ ಇಲ್ವಾ, ಅದು ಹೇಳಿ."

ಒಳಗಿಂದ ಮಾಸ್ತರರ ಹೆಂಡತಿ ಶ್ರೀಮತಿ ಬಂದು ಬಾಗಿಲಲ್ಲಿ ನಿಂತಿದ್ದರು. ಮಾಸ್ತರರು ಯಾರ ಮುಖವನ್ನೂ ನೋಡದೆ, ಇಲ್ಲ ಎಂದರು. ಹಾಗಾದರೆ ಅದನ್ನು ನೀವೇ ಹೋಗಿ ಅವನಿಗೆ ಹೇಳಬೇಕು, ನಾನು ಹೇಳಿದರೆ ಅವನು ನಂಬುವುದಿಲ್ಲ ಎಂದು ನಾಗು ಹೊರಟು ಹೋದಳು.

ಮಾಸ್ತರರು ಆ ದಿನ ಊಟ ಮಾಡಲಿಲ್ಲವಂತೆ. ಗ್ರಹದ ಹೆಸರಿನಲ್ಲಿ ಸುಳ್ಳು ಹೇಳಿಬಿಟ್ಟೆ, ಅದೂ ಮಕ್ಕಳನ್ನು ನಗಿಸಲಿಕ್ಕೆ, ಅಪ್ಪ ಇದ್ದಿದ್ದರೆ ಪಂಚಾಂಗ ಕಸಿದುಕೊಳ್ಳುತ್ತಿದ್ದ ಎಂದು ನನ್ನ ಹತ್ತಿರ ಹೇಳಿದರು. ಒಬ್ಬರೇ ಹೋಗಲು ಧೈರ್ಯವಾಗದೆ ಮರುದಿನ ನನ್ನನ್ನೂ ಶಾಲೆಗೆ ಕರೆದುಕೊಂಡು ಹೋದರು.

ಶನಿಯಾರ ಬಾವಿಯಿಂದ ನೀರೆಳೆದು ಅಡುಗೆ ಕೋಣೆಗೆ ತುಂಬುತ್ತಿದ್ದ. ಮಾಸ್ತರರು ಸುತ್ತಿ ಬಳಸದೆ ಹೇಳಿಬಿಟ್ಟರು. ನಿನ್ನ ಜಾತಕ ನಾನು ನೋಡಿಲ್ಲ, ನೋಡಲು ನಿನಗೆ ಜಾತಕವೇ ಇಲ್ಲ, ನಿನ್ನಲ್ಲಿ ಯಾವ ದೋಷವೂ ಇಲ್ಲ, ನಾಗುವನ್ನು ಮದುವೆಯಾಗು ಎಂದರು. ಶನಿಯಾರ ಹಗ್ಗ ಹಿಡಿದುಕೊಂಡೇ ಕೇಳಿದ.

"ಹಂಗಾರೆ ಅದು ಶನಿ ಹೇಳದ್ದಲ್ಲ?"

"ಅಲ್ಲ ಮಾರಾಯ. ನಾನೇ ಹೇಳಿದ್ದು."

ಅವನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವನು ಕೊಡಪಾನವನ್ನು ಕಟ್ಟೆಯ ಮೇಲಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ನಿಧಾನವಾಗಿ ಕೈ ಒರೆಸಿಕೊಂಡ.

"ನಾಗೂನ ಮನಿಗೆ ಇವತ್ತೇ ಹೋತೆ, ಅದು ಆತು. ಆದ್ರೆ ಮಾಸ್ತರ್ರೆ, ಶನಿ ಗ್ರಾ ಹೇಳ್ತು ಅಂತ ತಡ್ಕಂಡಿದ್ದೆ. ಇಷ್ಟು ವರ್ಷ ದಿನಾ ನಿಮಗೆ ಚಾ ಕೊಟ್ಟೆ. ನನ್ನ ನೆನಪು ಯಾರಿಗೂ ಆಗೂದಿಲ್ಲ ಅಂದವ್ರು ನೀವಾ?"

 ಶನಿಯಾರ ಕೊಡಪಾನ ಎತ್ತಿಕೊಂಡು ಒಳಗೆ ಹೋದ.