ಆಡಿದ ಮಾತನ್ನು ವಾಪಸು ಕೊಡಲು ಹೊರಟ ರೀತಮ್ಮ

ನಾನು ಹೈಸ್ಕೂಲಿನ ಕನ್ನಡ ಶಿಕ್ಷಕಿಯಾಗಿ ನಿವೃತ್ತಳಾದ ಮರುವರ್ಷ ನಡೆದದ್ದು ಇದು. ಕೊರೋನಾ ಕಳೆದು ಚರ್ಚುಗಳಲ್ಲಿ ಜನ ಮತ್ತೆ ಸೇರತೊಡಗಿದ್ದರು. ನಂಜನಗೂಡಿನಲ್ಲಿರುವ ನಮ್ಮ ಮನೆಗೆ ಒಂದು ಸಂಜೆ ಫಾದರ್ ಬಂದು, ಪ್ರತಿ ಭಾನುವಾರ ತಿ. ನರಸೀಪುರಕ್ಕೆ ಹೋಗಿ ದೊಡ್ಡವರಿಗೆ ಧರ್ಮೋಪದೇಶ ಹೇಳಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಮಕ್ಕಳಿಗೆ ಇಪ್ಪತ್ತು ವರ್ಷ ಅದನ್ನೇ ಹೇಳಿಕೊಟ್ಟವಳು ನಾನು. ದೊಡ್ಡವರಿಗಾದರೆ ಇನ್ನೂ ಸುಲಭ ಎಂದುಕೊಂಡು ಒಪ್ಪಿದೆ.

ನಮ್ಮಲ್ಲಿ ಚಿಕ್ಕಂದಿನಲ್ಲೇ ದೀಕ್ಷಾಸ್ನಾನ ಆಗಿದ್ದರೂ ಮುಂದಿನದೇನನ್ನೂ ಕಲಿಯದೆ ಬೆಳೆದವರು ಇರುತ್ತಾರೆ. ಅಂಥವರು ಪೂಜೆಗೆ ಬರುತ್ತಾರೆ, ಆದರೆ ಎಲ್ಲರೂ ಪರಮಪ್ರಸಾದದ ರೊಟ್ಟಿ ಸ್ವೀಕರಿಸಲು ಎದ್ದು ಹೋದಾಗ ಕುಳಿತೇ ಇರುತ್ತಾರೆ. ನನ್ನ ತರಗತಿಯಲ್ಲಿ ಅಂಥವರು ಮೂವರು. ಒಬ್ಬ ಆಟೋ ಓಡಿಸುವವನು, ಒಬ್ಬಳು ಮದುವೆ ಗೊತ್ತಾಗಿದ್ದ ಹುಡುಗಿ, ಮತ್ತೊಬ್ಬಳು ರೀತಮ್ಮ. ರೀತಮ್ಮನಿಗೆ ಆಗ ನಲವತ್ತೇಳು ವರ್ಷ. ತಲಕಾಡು ರಸ್ತೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ತಾಯಿ ಬೇಗ ತೀರಿಹೋಗಿ, ಎಲ್ಲೆಲ್ಲೋ ನೆಂಟರ ಮನೆಗಳಲ್ಲಿ ಬೆಳೆದದ್ದರಿಂದ ಅವಳಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಬರುವ ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಪರಮಪ್ರಸಾದ ತೆಗೆದುಕೊಳ್ಳಬೇಕು ಎಂಬುದು ಅವಳ ಆಸೆ.

ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಒಂದು ಗಂಟೆ ಪಾಠ. ವಿಶ್ವಾಸ ಪ್ರಮಾಣವನ್ನು ಒಂದೊಂದೇ ಸಾಲಾಗಿ ಬಿಡಿಸಿ ಹೇಳುತ್ತಿದ್ದೆ. ಎಲ್ಲವನ್ನೂ ಸೃಷ್ಟಿಸಿದ ತಂದೆ, ನಮಗಾಗಿ ಸತ್ತು ಎದ್ದು ಬಂದ ಯೇಸು, ಪವಿತ್ರಾತ್ಮ. ಒಬ್ಬನೇ ದೇವರು ಮೂವರಾಗಿರುವುದು ಹೇಗೆ ಎಂದು ಆಟೋದವನು ಎರಡು ವಾರ ನನ್ನೊಡನೆ ವಾದ ಮಾಡಿದ. ರೀತಮ್ಮ ಮಾತ್ರ ಏನೂ ಕೇಳುತ್ತಿರಲಿಲ್ಲ. ಹೆಚ್ಚು ಓದು ಬರದ ಅವಳು ನಾನು ಹೇಳಿದ್ದನ್ನು ತುಟಿ ಅಲ್ಲಾಡಿಸಿ ನೆನಪಿಟ್ಟುಕೊಳ್ಳುತ್ತಿದ್ದಳು.

ಪಾಪಗಳ ಕ್ಷಮೆಯ ಪಾಠದ ದಿನ ಅವಳು ಮೊದಲ ಸಲ ಬಾಯಿ ಬಿಟ್ಟಳು. ಮಾಡಿದ ತಪ್ಪನ್ನು ನೆನೆಯಬೇಕು, ಅದಕ್ಕಾಗಿ ನೊಂದುಕೊಳ್ಳಬೇಕು, ಫಾದರ್ ಮುಂದೆ ನಿವೇದಿಸಬೇಕು, ಯಾರಿಗಾದರೂ ನಷ್ಟ ಮಾಡಿದ್ದರೆ ಅದನ್ನು ತುಂಬಿಕೊಡಬೇಕು ಎಂದು ನಾನು ಎಂದಿನಂತೆ ಹೇಳಿ ಮುಗಿಸಿದ್ದೆ.

"ಟೀಚರ್, ವಸ್ತುವಾದ್ರೆ ವಾಪಸ್ ಕೊಡ್ಬೋದು. ಮಾತಾದ್ರೆ ಎಂಗೆ ಕೊಡೋದು?" ಎಂದಳು.

ಒಬ್ಬರ ಹೆಸರು ಕೆಡಿಸಿದ್ದರೆ ಆ ಹೆಸರನ್ನು ಅವರಿಗೆ ಮರಳಿ ಗಳಿಸಿಕೊಡಬೇಕು, ಅದೂ ಸಾಲ ತೀರಿಸಿದ ಹಾಗೆಯೇ ಎಂದೆ. ಪುಸ್ತಕದಲ್ಲಿ ಇರುವುದೇ ಅದು. ನನಗೆ ಹನ್ನೊಂದೂವರೆಯ ಬಸ್ಸು ಹಿಡಿಯಬೇಕಿತ್ತು. ಅವಳ ಮುಖವನ್ನು ಕೂಡ ಸರಿಯಾಗಿ ನೋಡದೆ ಎದ್ದು ಬಂದೆ.

ಮುಂದಿನ ಭಾನುವಾರ ಉಳಿದಿಬ್ಬರು ಹೋಗುವವರೆಗೆ ಕಾದು ರೀತಮ್ಮ ತನ್ನ ಕಥೆ ಹೇಳಿದಳು. ಒಂಬತ್ತು ವರ್ಷದ ಹಿಂದೆ ಅದೇ ಶಾಲೆಯಲ್ಲಿ ಮಾದೇವಮ್ಮ ಎಂಬ ಇನ್ನೊಬ್ಬ ಅಡುಗೆಯವಳಿದ್ದಳು. ದಾಸ್ತಾನು ಕೋಣೆಯ ಬೀಗದ ಕೈ ಇಬ್ಬರ ಕೈಯಲ್ಲೂ ಓಡಾಡುತ್ತಿತ್ತು. ರೀತಮ್ಮನ ಮನೆಯಲ್ಲಿ ನಾದಿನಿಯ ಮದುವೆ ಒಪ್ಪಂದದ ಶಾಸ್ತ್ರವಿದ್ದಾಗ ಬೇಳೆ ಸಾಲದೆ, ಆಮೇಲೆ ತಂದಿಟ್ಟರಾಯಿತು ಎಂದು ಶಾಲೆಯ ತೊಗರಿಬೇಳೆಯನ್ನು ಒಯ್ದಿದ್ದಳು. ತಂದಿಡುವ ಮೊದಲೇ ತಪಾಸಣೆಗೆ ಜನ ಬಂದರು. ಬೇಳೆ ಕಡಿಮೆ ಬಿತ್ತು. ಇಬ್ಬರನ್ನೂ ನಿಲ್ಲಿಸಿ ಕೇಳಿದಾಗ, ಮಾದೇವಮ್ಮ ಸೆರಗಿನ ಮರೆಯಲ್ಲಿ ಚೀಲ ಒಯ್ದಿದ್ದನ್ನು ಕಂಡೆ ಎಂದು ರೀತಮ್ಮ ಹೇಳಿಬಿಟ್ಟಳು. ಮಾದೇವಮ್ಮನನ್ನು ತೆಗೆದುಹಾಕಿದರು. ಮುಂದೆ ಅವಳು ಊರನ್ನೇ ಬಿಟ್ಟು, ಚಿಕ್ಕಯ್ಯನಛತ್ರದ ಹತ್ತಿರವಿದ್ದ ಮಗಳ ಮನೆ ಸೇರಿದಳು.

"ಓಗಿ ಯೋಳ್ಬೇಕು ಅಂತಿದ್ದೀನಿ. ಒಬ್ಳೇ ಓಗಕ್ಕೆ ಕಾಲು ಬತ್ತಿಲ್ಲ. ನೀವು ಜೊತೇಲಿ ಬತ್ತೀರಾ?" ಎಂದಳು.

ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುವುದು ಇಲ್ಲಿಯೇ. ನಾನು ಅವಳನ್ನು ತಡೆಯಲು ನೋಡಿದೆ. ಫಾದರ್ ಮುಂದೆ ಪಾಪನಿವೇದನೆ ಮಾಡಿದರೆ ಸಾಕು, ದೇವರು ಕ್ಷಮಿಸುತ್ತಾನೆ ಎಂದೆ. ಹಳೆಯದನ್ನು ಕೆದಕಿದರೆ ಆ ಹೆಂಗಸಿಗೂ ನೋವು, ನಿನ್ನ ಕೆಲಸವೂ ಹೋದೀತು ಎಂದೆ. ಇಪ್ಪತ್ತು ವರ್ಷ ನಾನು ಹೇಳಿದ ಆ ಪಾಠವನ್ನು ಯಾರಾದರೂ ನಿಜವಾಗಿ ಮಾಡಲು ಹೊರಟಾರು ಎಂದು ನಾನು ಎಣಿಸಿಯೇ ಇರಲಿಲ್ಲ.

ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಓದ ವಾರ ನೀವೇ ಅಲ್ವಾ ಯೋಳಿದ್ದು, ಸಾಲ ಇದ್ದಂಗೆ ಅಂತ?" ಎಂದಳು. ಮಾತಿನಲ್ಲಿ ಕುಹಕವಿರಲಿಲ್ಲ. ನಾನು ಹೇಳಿದ್ದರಲ್ಲಿ ಯಾವುದು ಸರಿ ಎಂದು ತಿಳಿಯಬೇಕಿತ್ತು, ಅಷ್ಟೆ.

ಹೆಸರು ಹೇಳದೆ ಫಾದರ್ ಅವರನ್ನು ಕೇಳಿದೆ. ಬೇಡ ಎಂದಾರು ಎಂಬ ಆಸೆ ನನಗಿತ್ತು. ಹೋಗು ಎಂದು ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ, ಆದರೆ ಅವರಾಗಿಯೇ ಹೊರಟಿದ್ದರೆ ಒಬ್ಬರನ್ನೇ ಕಳಿಸಬೇಡಿ ಎಂದರು.

ಒಂದು ಶನಿವಾರ ರೀತಮ್ಮ ನಂಜನಗೂಡಿಗೆ ಬಂದಳು. ಅಲ್ಲಿಂದ ಇಬ್ಬರೂ ಬಸ್ಸಿನಲ್ಲಿ ಹೋದೆವು. ಮಾದೇವಮ್ಮ ಜಗಲಿಯ ಮೇಲೆ ಮಲ್ಲಿಗೆ ಕಟ್ಟುತ್ತ ಕುಳಿತಿದ್ದಳು. ಸಣ್ಣ ಮೈಯ, ಅರ್ಧ ತಲೆ ನರೆತ ಹೆಂಗಸು. ರೀತಮ್ಮನನ್ನು ಗುರುತು ಹಿಡಿದಳು, ಆದರೆ ಕುಳಿತುಕೊಳ್ಳಿ ಎಂದು ಹೇಳಿದ್ದು ನನಗೆ ಮಾತ್ರ. ರೀತಮ್ಮ ನನ್ನನ್ನು ಟೀಚರ್ ಎಂದು ಪರಿಚಯಿಸಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಬೇಳೆ ಒಯ್ದದ್ದು ತಾನು, ಸುಳ್ಳು ಹೇಳಿದ್ದು ತಾನು, ತಪ್ಪಾಯಿತು. ಅಷ್ಟು ಹೊತ್ತೂ ಮಾದೇವಮ್ಮನ ಕೈ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ.

ಮಾಲೆಯ ತುದಿಗೆ ಗಂಟು ಹಾಕಿ, "ಇದ್ನ ನಂಗ್ಯಾಕೆ ಯೋಳ್ತಿದ್ದೀಯ? ನಾನು ಕದ್ದಿಲ್ಲ ಅನ್ನೋದು ನಂಗೊತ್ತಿಲ್ವಾ? ಗೊತ್ತಿಲ್ದೋರಿಗೆ ಓಗಿ ಯೋಳು" ಎಂದಳು.

ಬಳಿಕ ನನ್ನ ಕಡೆ ತಿರುಗಿ ಮಾತಾಡಿದಳು. ಮೊದಲು ಊರಿನ ಮದುವೆ ಮನೆಗಳಲ್ಲಿ ಅಡುಗೆಗೆ ತನ್ನನ್ನೇ ಕರೆಯುತ್ತಿದ್ದರಂತೆ. ಆಮೇಲೆ ಒಬ್ಬರೂ ಕರೆಯಲಿಲ್ಲ. ಅದನ್ನಾದರೂ ತಡೆದುಕೊಂಡೆ ಎಂದಳು.

"ಅವತ್ತಿಂದ ನಮ್ಮೆಜಮಾನ್ರು ಪೆಟ್ಗೆ ಬೀಗದ ಕೈನ ಉಡ್ದಾರಕ್ಕೆ ಕಟ್ಕೊಂಡ್ರು. ಒಂದು ಮಾತು ಬೈಲಿಲ್ಲ. ಸಾಯೋಗಂಟ ಅದ್ನ ಬಿಚ್ಚಲಿಲ್ಲ ಟೀಚರ್."

ಹಿಂದಿರುಗುವಾಗ ಬಸ್ಸಿನಲ್ಲಿ ರೀತಮ್ಮ ಅಳಲಿಲ್ಲ. ಶಾಲೆಯ ಎಸ್‌ಡಿಎಂಸಿ ಸಭೆ ಯಾವಾಗ ಎಂದು ಲೆಕ್ಕ ಹಾಕುತ್ತಿದ್ದಳು. ಊರಿನ ಪೋಷಕರೇ ಸದಸ್ಯರಾಗಿರುವ ಆ ಸಮಿತಿಯ ಎದುರಿನಲ್ಲೇ ಅಂದು ಮಾದೇವಮ್ಮನನ್ನು ತೆಗೆದದ್ದು. ಈ ಸಲ ನಾನು ಬೇಡ ಎನ್ನಲಿಲ್ಲ. ಬೇಕು ಎನ್ನಲೂ ಧೈರ್ಯ ಬರಲಿಲ್ಲ.

ಸಭೆ ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದ ನಾಲ್ಕನೆಯ ವಾರದಲ್ಲಿತ್ತು. ಐದನೆಯ ತರಗತಿಯ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ರೀತಮ್ಮ ಮೊದಲೇ ಹೇಳಿಕಳಿಸಿದ್ದರಿಂದ ಮಾದೇವಮ್ಮ ಮಗಳೊಂದಿಗೆ ಬಂದು ಬಾಗಿಲ ಪಕ್ಕದಲ್ಲಿ ಕೂತಿದ್ದಳು. ಹೆಡ್‌ಮಾಸ್ಟರು ಹೊಸಬರು, ಈ ಹಳೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಕಟ್ಟಡದ ಸೋರಿಕೆ, ಮಕ್ಕಳ ಸಮವಸ್ತ್ರ ಇವೆಲ್ಲ ಮುಗಿದ ಮೇಲೆ ರೀತಮ್ಮ ಎದ್ದು ನಿಂತು, ಜಗಲಿಯ ಮುಂದೆ ಹೇಳಿದ್ದನ್ನೇ ಅದೇ ಮಾತುಗಳಲ್ಲಿ ಹೇಳಿದಳು. ದನಿ ಹಿಂದಿನ ಬೆಂಚಿನವರೆಗೂ ಕೇಳಿಸಿತು.

ಒಬ್ಬ ಹಿರಿಯರು, ಹಳೆಯ ವಿಷಯ, ಬಿಟ್ಟುಬಿಡಿ ಎಂದರು. ಇನ್ನೊಬ್ಬರು, ಕದ್ದೆ ಎಂದು ಒಪ್ಪಿಕೊಂಡವಳನ್ನು ಮಕ್ಕಳ ಅಡುಗೆಗೆ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದರು. ಹೆಡ್‌ಮಾಸ್ಟರು ಮಾದೇವಮ್ಮನ ಕಡೆ ನೋಡಿ, ನೀವು ಹೇಳುವುದೇನಾದರೂ ಇದೆಯೇ ಎಂದರು. ಈಗ ಕೇಳಿದ್ದನ್ನು ಸಭೆಯ ಪುಸ್ತಕದಲ್ಲಿ ಬರೆದು, ಸೀಲು ಹಾಕಿ, ತನಗೊಂದು ಜೆರಾಕ್ಸ್ ಕೊಡಬೇಕು ಎಂದು ಅವಳು ಹೇಳಿದಳು. ಬೇರೇನನ್ನೂ ಕೇಳಲಿಲ್ಲ. ಹೆಡ್‌ಮಾಸ್ಟರು ಬರೆದರು. ರೀತಮ್ಮ ಅದರ ಕೆಳಗೆ ನಿಧಾನವಾಗಿ ಸಹಿ ಮಾಡಿದಳು.

ಹೊರಗೆ ಬೇವಿನ ಮರದ ಕೆಳಗೆ ರೀತಮ್ಮ ಮಾದೇವಮ್ಮನ ಹತ್ತಿರ ಹೋಗಿ ನಿಂತಳು. ಅವಳು ಕೇಳುವ ಮೊದಲೇ ಮಾದೇವಮ್ಮನಿಗೆ ಅರ್ಥವಾಯಿತು.

"ಕ್ಷಮಿಸ್ದೆ ಅಂತ ಬಾಯಲ್ಲಿ ಯೋಳ್ಬೋದು ಕಣಮ್ಮಿ. ಒಳಗಿಂದ ಬರ್ಬೇಕಲ್ಲ. ಬಂದಾಗ ಯೋಳ್ತೀನಿ" ಎಂದಳು.

ರೀತಮ್ಮ "ಆಯ್ತಕ್ಕ" ಎಂದಳು. ಮಾದೇವಮ್ಮ ಮಗಳ ಜೊತೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ತಿಂಗಳ ಕೊನೆಗೆ ರೀತಮ್ಮನ ಕೆಲಸ ಹೋಯಿತು. ಅವಳು ಅದನ್ನು ಎದುರು ನೋಡಿಯೇ ಇದ್ದಳು. ಅವಳ ಗಂಡ ಮಾತ್ರ ಪಾಸ್ಖಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ದಿನ ಚರ್ಚಿನ ಗೇಟಿನ ಹತ್ತಿರ ನನ್ನನ್ನು ತಡೆದು ನಿಲ್ಲಿಸಿ, "ನಿಮ್ ಪಾಠದಿಂದ ನಮ್ಮನೆ ಒಲೆ ಆರೋಯ್ತು ಟೀಚರ್" ಎಂದ. ಸತ್ಯ ಹೇಳಿದರೆ ಸುಖ ಸಿಗುತ್ತದೆ ಎಂದು ನಾನು ಯಾರಿಗೂ ಕಲಿಸಿರಲಿಲ್ಲ, ಆದರೆ ಒಲೆ ಆರಬಹುದು ಎಂದೂ ಎಲ್ಲಿಯೂ ಹೇಳಿರಲಿಲ್ಲ. ಎರಡು ತಿಂಗಳು ಕಷ್ಟಪಟ್ಟ ಮೇಲೆ ಅವಳಿಗೆ ತಲಕಾಡಿನ ಒಂದು ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸ ಸಿಕ್ಕಿತು.

ಅದಕ್ಕೂ ಮೊದಲೇ, ಪಾಸ್ಖ ಹಬ್ಬದ ಹಿಂದಿನ ದಿನ, ಮೂವರೂ ಮೊದಲ ಪಾಪನಿವೇದನೆ ಮಾಡಿದರು. ಆಟೋದವನು ಅರ್ಧ ಗಂಟೆ ತೆಗೆದುಕೊಂಡ. ರೀತಮ್ಮ ಎರಡೇ ನಿಮಿಷದಲ್ಲಿ ಎದ್ದು ಬಂದಳು. ಊರ ಮುಂದೆ ಹೇಳಿ ಮುಗಿಸಿದ್ದರಿಂದ ಇರಬೇಕು. ಹಬ್ಬದ ಬೆಳಗಿನ ಪೂಜೆಯಲ್ಲಿ ಅವಳು ಸಾಲಿನಲ್ಲಿ ಹೋಗಿ ಪರಮಪ್ರಸಾದ ಸ್ವೀಕರಿಸಿದಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವಳ ಗಂಡ ತಲೆ ಎತ್ತಿ ನೋಡಿದ್ದನ್ನು ನಾನು ಕಂಡೆ.

ಮಾದೇವಮ್ಮ ಇದುವರೆಗೂ ಆ ಮಾತು ಹೇಳಿಕಳಿಸಿಲ್ಲ. ಹಳೆಯ ಊರಿನ ಮದುವೆಯೊಂದಕ್ಕೆ ಅಡುಗೆ ಮಾಡಲು ಅವಳನ್ನು ಕರೆಸಿದ್ದರಂತೆ ಎಂದು ರೀತಮ್ಮನೇ ನನಗೆ ಹೇಳಿದಳು. ಕ್ಷಮಿಸಿದಳೇ ಎಂದು ಕೇಳಿದೆ. "ಅದು ಅವ್ರದ್ದು ಟೀಚರ್, ನಾನು ಕೇಳಂಗಿಲ್ಲ" ಎಂದಳು.

ನಾನು ಈಗಲೂ ಭಾನುವಾರ ತಿ. ನರಸೀಪುರಕ್ಕೆ ಹೋಗುತ್ತೇನೆ. ಕಳೆದ ವರ್ಷದ ಗುಂಪಿನಲ್ಲಿ ರೇಷ್ಮೆ ಕಾರ್ಖಾನೆಯ ಕೆಲಸಗಾರರೊಬ್ಬರಿದ್ದರು. ಆ ಪಾಠ ಬಂದಾಗ ಅವರು ನಕ್ಕು, ಇದೆಲ್ಲ ಪುಸ್ತಕದ್ದು, ನಿಜವಾಗಿ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಕೇಳಿದರು. ಒಬ್ಬರನ್ನು ನನ್ನ ಕಣ್ಣಾರೆ ನೋಡಿದ್ದೇನೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಷ್ಟನ್ನೇ ಹೇಳಿದರೆ ಅರ್ಧ ಸುಳ್ಳಾಗುತ್ತದೆ ಅನ್ನಿಸಿತು. ಬೇಡ ಎಂದು ಆ ಒಬ್ಬರನ್ನು ತಡೆಯಲು ಹೋದವಳು ನಾನೇ ಎಂದೂ ಹೇಳಿದೆ.