ಏಕಾಂತಪ್ಪನ ಮಳೆಗಾಲದ ಬಾಗಿಲು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ನಮ್ಮ ಏಕಾಂತಪ್ಪ ಎರಕಕ್ಕೆ ಮರದ ಅಚ್ಚು ಕೆತ್ತುವವನು. ನಾನು ಅದನ್ನು ಮರಳಿಗೆ ಒತ್ತಿ ಗುಳಿ ಮೂಡಿಸುವವನು. ಆ ಗುಳಿಗೆ ಕಬ್ಬಿಣ ಹೊಯ್ದ ಮೇಲೆ ಜನ ನೋಡುವುದು ಕಬ್ಬಿಣವನ್ನೇ. ಅಚ್ಚು ಮೂಲೆ ಸೇರುತ್ತದೆ. ಇಪ್ಪತ್ತು ವರ್ಷದಿಂದ ಇದೇ ಅವನ ಹೊಟ್ಟೆಯುರಿ. ತನ್ನ ಕೆತ್ತನೆಯ ಮುಂದೆ ಒಬ್ಬನಾದರೂ ನಿಂತು ಹೊಗಳಬೇಕು, ಅಷ್ಟೇ ಆಸೆ.

೧೯೫೯ರಲ್ಲಿ ಅವನ ಭಾಮೈದ ಪರಮೇಶ್ವರಪ್ಪ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮನೆ ಕಟ್ಟಿಸತೊಡಗಿದ. ತಲೆಬಾಗಿಲು ತನ್ನದೇ ಎಂದು ಏಕಾಂತಪ್ಪ ಹಟ ಹಿಡಿದ. ಅದರ ತುಂಬ ವರ್ಷದ ಕಾಲಗಳೆಲ್ಲ ಬರಬೇಕಂತೆ, ಅದೂ ಕಣ್ಣಾರೆ ನೋಡಿಯೇ ಕೆತ್ತಬೇಕಂತೆ! ಮಳೆಗಾಲ ನೋಡಲು ಹೊಳಲೂರಿಗೆ ಸೈಕಲ್ ತುಳಿದು, ಗದ್ದೆ ಬದುವಿನ ಮೇಲೆ ಕೊಡೆ ಹಿಡಿದು ಕೂತ. ಅಮಲ್ದಾರರ ಕಡೆಯವನಿರಬೇಕೆಂದು ನಾಟಿ ಹೆಂಗಸರು ಹಾಡನ್ನೇ ನಿಲ್ಲಿಸಿದರಂತೆ. ಚಳಿಗಾಲಕ್ಕೆ ಒಕ್ಕಣೆಯ ಕಣ, ಬೇಸಿಗೆಗೆ ಎಲೆಯಿಲ್ಲದೆ ಹೂ ಬಿಟ್ಟ ಮುತ್ತುಗ. ಹೀಗೆ ಒಂದೂವರೆ ವರ್ಷ ಎಳೆದ.

“ಸುತ್ತ ಒಂಚೂರು ಕೆತ್ತದೆ ಅಂಚು ಬಿಡು ಮಾರಾಯ,” ಎಂದೆ.

“ಅಂಚು ಬಿಡೋರು ಕೈಲಾಗದೋರು,” ಎಂದ.

ಮೊದಲೇ ಒಯ್ದು ಕೂಡಿಸಿ ನೋಡೋಣವೆಂದರೆ ಕೇಳುವ ಆಸಾಮಿಯೇ? ಗೃಹಪ್ರವೇಶದ ಬೆಳಿಗ್ಗೆಯೇ ಗೋಣಿ ಸುತ್ತಿ ಲಾರಿಯಲ್ಲಿ ತಂದೆವು. ಎತ್ತಿಟ್ಟರೆ ಬಾಗಿಲು ಚೌಕಟ್ಟಿನೊಳಗೆ ಹೋಗಲೊಲ್ಲದು. ಏಕಾಂತಪ್ಪ ಚೌಕಟ್ಟು ಮಾಡಿದ ಬಡಗಿಗೆ ಬೈದ, ಅವನ ಗುರುವಿಗೂ ಬೈದ. ನಾನು ಏಕಾಂತಪ್ಪನ ಚೀಲದಿಂದ ಅಳತೆಪಟ್ಟಿ ಎಳೆದು ನೋಡಿದೆ. ಅಯ್ಯೋ ಪುಣ್ಯಾತ್ಮ! ಬಡಗಿ ಹೇಳಿಕಳಿಸಿದ ಏಳಡಿಯನ್ನು ಇವನು ಅಳೆದದ್ದು ಕಾರ್ಖಾನೆಯ ಪಟ್ಟಿಯಲ್ಲಿ. ಎರಕದ ಕಬ್ಬಿಣ ಆರಿದಾಗ ಕುಗ್ಗುತ್ತದೆಂದು ಅದರ ಒಂದೊಂದು ಅಡಿಯೂ ಒಂದು ನೂಲು ಹೆಚ್ಚಿಗೆ ಇರುತ್ತದೆ.

“ಏನಯ್ಯಾ, ತೇಗದ ಮರಾನೂ ಕಾಯಿಸಿ ಹೊಯ್ದಿದೀನಿ ಅಂದ್ಕೊಂಡ್ಯಾ?” ಎಂದೆ.

ಅಗಲದಲ್ಲಿ ಹೆಚ್ಚಾದ ಮೂರು ನೂಲನ್ನು ಬಡಗಿ ಪಕ್ಕದಲ್ಲೇ ಹೆರೆದ. ಎತ್ತರಕ್ಕೆ ಏಳಡಿಗೆ ಏಳು ನೂಲು, ಹತ್ತಿರ ಹತ್ತಿರ ಒಂದಂಗುಲ. ಮುಹೂರ್ತ ಮೀರುತ್ತದೆಂದು ಅಯ್ಯನವರು ಒಳಗಿನಿಂದ ಕೂಗುತ್ತಿದ್ದರು.

“ಕೆಳಗೆ ಕೊಯ್ದುಬಿಡಿ ಭಾವ, ಅಲ್ಲಿ ಯಾರು ನೋಡ್ತಾರೆ?” ಎಂದ ಪರಮೇಶ್ವರಪ್ಪ.

ಕೆಳಗಿದ್ದದ್ದು ಮಳೆಗಾಲ. ಕೆಸರು ನೀರು, ಅದರಲ್ಲಿ ಊರಿದ ನಾಟಿ ಹೆಂಗಸರ ಪಾದಗಳು, ಒಂದೊಂದು ಬೆರಳೂ ಬಿಡಿಬಿಡಿಯಾಗಿ. ಬಡಗಿ ಗರಗಸ ಎತ್ತಿದ. ಏಕಾಂತಪ್ಪ ಅದನ್ನು ಕಿತ್ತುಕೊಂಡು ತಾನೇ ಕೂತು ಕೊಯ್ದ. ಅಷ್ಟು ಹೊತ್ತೂ ಹಂಗಿಸುತ್ತಿದ್ದ ನನಗೆ ಆ ಕಡೆ ನೋಡಲಾಗಲಿಲ್ಲ.

ಬಾಗಿಲು ಕೂತಿತು. ಬಂದವರೆಲ್ಲ ಮಾವಿನ ತೋರಣದ ಕೆಳಗೆ ನುಗ್ಗಿ, ನೇರ ಊಟದ ಪಂಕ್ತಿಗೆ ನಡೆದರು. ಪರಮೇಶ್ವರಪ್ಪನೊಬ್ಬ ನಿಂತ. ಬಗ್ಗಿ, ಪಾದಗಳಿದ್ದ ಕಡೆ ಬೆರಳಾಡಿಸಿದ.

“ಭೇಷ್ ಭಾವ! ಎಷ್ಟು ನೇರವಾಗಿ ಕೊಯ್ದಿದೀರಿ!”